ಶರಣು ಬಂದವನನ್ನು ಕೊಂದ ವೀರ: ಹುಂಬಾಬನ ಕೊಲೆ ಮತ್ತು ಗಿಲ್ಗಮೇಶನ ಹೊಣೆ

ಕೊಂದವನು ಪ್ರಾಚೀನ ಮೆಸೊಪೊಟೇಮಿಯಾದ, ಅಂದರೆ ಇಂದಿನ ಇರಾಕಿನ, ಉರುಕ್ ನಗರದ ಅರಸ ಗಿಲ್ಗಮೇಶ್. ಪಕ್ಕದಲ್ಲಿ ನಿಂತು ‘ಕೊಲ್ಲು, ತಡಮಾಡಬೇಡ’ ಎಂದವನು ಅವನ ಗೆಳೆಯ ಎಂಕಿಡು. ಸತ್ತವನು ದೇವದಾರು ಕಾಡಿನ ಕಾವಲುಗಾರ ಹುಂಬಾಬ. ಗಿಲ್ಗಮೇಶ್ ಮಹಾಕಾವ್ಯದ ಈ ಕಥೆಯನ್ನು ಮಕ್ಕಳಿಗೆ ಹೇಳುವಾಗಲೂ, ಎರಡು ಪುಟಗಳಲ್ಲಿ ಸಂಗ್ರಹಿಸುವಾಗಲೂ ಅದು ರಾಕ್ಷಸಸಂಹಾರವೇ ಆಗಿರುತ್ತದೆ: ಭಯಂಕರ ರೂಪದವನೊಬ್ಬ ಇದ್ದ, ವೀರರಿಬ್ಬರು ಹೋದರು, ಅವನನ್ನು ಮುಗಿಸಿದರು, ನಾಡು ನೆಮ್ಮದಿಯಾಯಿತು. ಮೂಲದ ಮಣ್ಣಿನ ಫಲಕಗಳನ್ನು ಓದಿದರೆ ಕೊನೆಯ ಮಾತು ಅಲ್ಲಿ ಇಲ್ಲವೇ ಇಲ್ಲ. ನಾಡಿಗೆ ನೆಮ್ಮದಿ ಬಂದದ್ದನ್ನು ಯಾವ ಫಲಕವೂ ಹೇಳುವುದಿಲ್ಲ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಕಾದಾಟ ಮುಗಿಯುವವರೆಗೆ ಗಿಲ್ಗಮೇಶನ ಪರವಾಗಿ ವಾದಿಸಲು ಅವಕಾಶವಿದೆ. ಹುಂಬಾಬ ಸೋತು ಪ್ರಾಣಭಿಕ್ಷೆ ಬೇಡಿದ ಗಳಿಗೆಯಿಂದ ಮುಂದಕ್ಕೆ ಆ ಅವಕಾಶವಿಲ್ಲ. ಅಲ್ಲಿಂದಾಚೆಗಿನದು ಕೊಲೆ. ಇಂದಿನ ಪರಿಸರಪ್ರೇಮವನ್ನು ಹಳೆಯ ಕಾವ್ಯದ ಮೇಲೆ ಹೇರುತ್ತಿದ್ದೇನೆ ಎಂದು ಯಾರಾದರೂ ಆಕ್ಷೇಪಿಸಬಹುದು. ಅದಕ್ಕಾಗಿಯೇ ಈ ಬರಹದ ಸಾಕ್ಷ್ಯವನ್ನೆಲ್ಲ ಆ ಕಾಲದ ಕವಿಗಳಿಂದಲೇ ತೆಗೆದುಕೊಂಡಿದ್ದೇನೆ. ಗಿಲ್ಗಮೇಶನ ಮೇಲಿನ ಆರೋಪಪಟ್ಟಿಯನ್ನು ಬರೆದವರು ಅವನನ್ನು ಹಾಡಿದವರೇ.

ನಮ್ಮ ಮುಂದಿರುವ ಸಾಕ್ಷ್ಯ

ಈ ಪ್ರಕರಣಕ್ಕೆ ಒಂದೇ ಹೇಳಿಕೆಯಿಲ್ಲ, ಹಲವು ಇವೆ. ಎಲ್ಲಕ್ಕಿಂತ ಹಳೆಯ ಪದರ ಸುಮೇರಿಯನ್ ಭಾಷೆಯ ಬಿಡಿ ಕವಿತೆಗಳು. ಅಲ್ಲಿ ಅರಸನ ಹೆಸರು ಬಿಲ್ಗಮೇಸ್, ಕಾವಲುಗಾರನ ಹೆಸರು ಹುವಾವ. ಆಮೇಲೆ ಕ್ರಿ.ಪೂ. 18ನೆಯ ಶತಮಾನದ ಸುಮಾರಿನ ಹಳೆಯ ಬ್ಯಾಬಿಲೋನಿಯನ್ ಫಲಕಗಳು ಬರುತ್ತವೆ. ಕೊನೆಯದು ಸಿನ್-ಲೆಕಿ-ಉನ್ನಿನ್ನಿ ಎಂಬ ವಿದ್ವಾಂಸನ ಹೆಸರಿಗೆ ಸಲ್ಲುವ ಹನ್ನೆರಡು ಫಲಕಗಳ ಪ್ರಮಾಣಿತ ಪಾಠ. ಇದು ನಮಗೆ ಮೊದಲು ಸಿಕ್ಕಿದ್ದು 19ನೆಯ ಶತಮಾನದ ನಡುವೆ, ನಿನೆವೆಯಲ್ಲಿ ಅಸ್ಸೀರಿಯಾದ ದೊರೆ ಅಶ್ಶುರ್‌ಬನಿಪಾಲನ ಗ್ರಂಥಭಂಡಾರದ ಅವಶೇಷಗಳಲ್ಲಿ.

ಕಾಡಿನ ಪ್ರಸಂಗ ಬರುವುದು ಐದನೆಯ ಫಲಕದಲ್ಲಿ. ದುರ್ದೈವವೆಂದರೆ ಬಹುಕಾಲ ಅತ್ಯಂತ ಛಿದ್ರವಾಗಿ ಉಳಿದಿದ್ದ ಭಾಗಗಳಲ್ಲಿ ಅದೂ ಒಂದು. ಇರಾಕಿನ ಕುರ್ದಿಸ್ತಾನದಲ್ಲಿರುವ ಸುಲೈಮಾನಿಯಾ ವಸ್ತುಸಂಗ್ರಹಾಲಯ 2011ರಲ್ಲಿ ಕಳ್ಳಸಾಗಣೆದಾರನೊಬ್ಬನಿಂದ ಒಂದಷ್ಟು ಫಲಕಗಳನ್ನು ಕೊಂಡುಕೊಂಡಿತು. ಯುದ್ಧದ ನಂತರ ಇರಾಕಿನ ಹಳೆಯ ನೆಲಗಳನ್ನು ಅಗೆದು ಮಾರುತ್ತಿದ್ದ ಕಾಲ ಅದು. ವಸ್ತುಗಳು ಹೊರದೇಶಕ್ಕೆ ಹೋಗಿಬಿಡುವುದಕ್ಕಿಂತ ಹಣ ಕೊಟ್ಟಾದರೂ ಉಳಿಸಿಕೊಳ್ಳುವುದು ಲೇಸೆಂದು ಅವರು ನಿರ್ಧರಿಸಿದ್ದರು. ಆ ರಾಶಿಯಲ್ಲಿದ್ದ ಒಂದು ತುಂಡು ಐದನೆಯ ಫಲಕದ್ದು. ಫಾರೂಕ್ ಅಲ್-ರಾವಿ ಮತ್ತು ಆಂಡ್ರ್ಯೂ ಜಾರ್ಜ್ ಅದನ್ನು 2014ರಲ್ಲಿ ಪ್ರಕಟಿಸಿದರು. ಹೊಸದಾಗಿ ಸಿಕ್ಕಿದ್ದು ಇಪ್ಪತ್ತರಷ್ಟು ಸಾಲುಗಳು ಮಾತ್ರ. ಆದರೆ ಈ ಪ್ರಕರಣದ ಮಟ್ಟಿಗೆ ಆ ಸಾಲುಗಳು ಬರುವ ಮೊದಲಿನ ಓದು ಬೇರೆ, ಬಂದ ಮೇಲಿನ ಓದು ಬೇರೆ.

ಆರೋಪಿ

ಗಿಲ್ಗಮೇಶ್ ಮೂರರಲ್ಲಿ ಎರಡು ಪಾಲು ದೇವರು, ಒಂದು ಪಾಲು ಮನುಷ್ಯ. ತಾಯಿ ನಿನ್ಸುನ್ ದೇವತೆ. ಕಾಡಿಗೆ ಹೊರಡುವ ಮೊದಲೇ ಅವನ ಮೇಲೆ ದೂರುಗಳಿದ್ದವು. ಉರುಕಿನ ಯುವಕರನ್ನು ಹಗಲಿರುಳು ದಣಿಸುತ್ತಿದ್ದ, ಮದುಮಗಳ ಮೊದಲ ರಾತ್ರಿ ತನ್ನ ಹಕ್ಕೆನ್ನುತ್ತಿದ್ದ. ಜನ ದೇವತೆಗಳಿಗೆ ಮೊರೆಯಿಟ್ಟರು. ಅವನಿಗೆ ಸರಿಸಮನಾದವನೊಬ್ಬನಿರಲಿ ಎಂದು ಅರೂರು ದೇವತೆ ಜೇಡಿಮಣ್ಣಿನಿಂದ ಎಂಕಿಡುವನ್ನು ಮಾಡಿದಳು. ಎಂಕಿಡು ಜಿಂಕೆಗಳೊಂದಿಗೆ ಹುಲ್ಲು ಮೇಯುತ್ತ, ಬೇಟೆಗಾರರ ಬಲೆಗಳನ್ನು ಕಿತ್ತೆಸೆಯುತ್ತ ಬೆಳೆದ. ಪ್ರಾಣಿಗಳ ಕಡೆಯವನಾಗಿದ್ದವನು ಶಮ್ಹತ್ ಎಂಬ ಹೆಣ್ಣಿನ ಸಂಗದಿಂದ ನಾಡಿಗೆ ಬಂದ, ಅರಸನೊಂದಿಗೆ ಕಾದಾಡಿ ಕೊನೆಗೆ ಅವನ ಆಪ್ತನಾದ. ಈ ಹಿನ್ನೆಲೆಯನ್ನು ನೆನಪಿಟ್ಟುಕೊಳ್ಳಬೇಕು. ಮುಂದೆ ಕಾಡಿನ ಬಾಗಿಲಲ್ಲಿ ಹುಂಬಾಬ ಬಾಯಿ ತೆರೆದಾಗ ಅವನ ಮೊದಲ ಬಾಣ ತಗಲುವುದು ಇಲ್ಲಿಗೇ.

ಕಾಡಿಗೆ ಹೋಗುವ ಯೋಚನೆ ಪೂರ್ತಿಯಾಗಿ ಗಿಲ್ಗಮೇಶನದು. ಕಾರಣವನ್ನೂ ಅವನು ಮುಚ್ಚಿಟ್ಟಿಲ್ಲ. ಇಂದು ಯೇಲ್ ವಿಶ್ವವಿದ್ಯಾಲಯದಲ್ಲಿರುವ ಹಳೆಯ ಬ್ಯಾಬಿಲೋನಿಯನ್ ಫಲಕದಲ್ಲಿ ಅವನು ಹೇಳುವುದು ಇಷ್ಟು: ಮನುಷ್ಯನ ದಿನಗಳು ಎಣಿಕೆಯವು, ಅವನು ಮಾಡುವುದೆಲ್ಲ ಗಾಳಿ, ನಾನು ಬಿದ್ದರೂ ಹುವಾವನೊಂದಿಗೆ ಕಾದಾಡಿ ಸತ್ತನೆಂಬ ಹೆಸರು ಉಳಿಯುತ್ತದೆ. ಹಸಿವಿನ ಮಾತಿಲ್ಲ, ಮುತ್ತಿಗೆಯ ಮಾತಿಲ್ಲ, ಯಾರೂ ಬಂದು ‘ಕಾಪಾಡು’ ಎಂದು ಕಾಲು ಹಿಡಿದಿಲ್ಲ. ಸಾವಿನ ಭಯ ಮತ್ತು ಹೆಸರಿನ ಆಸೆ, ಇವೆರಡೇ. ಕೇಳಿದ ಎಂಕಿಡುವಿನ ಕಣ್ಣು ತುಂಬಿತು. ಊರ ಹಿರಿಯರು ‘ನೀನಿನ್ನೂ ಹುಡುಗ, ಮನಸ್ಸು ನಿನ್ನನ್ನು ಎಳೆದೊಯ್ಯುತ್ತಿದೆ, ಏನಾಡುತ್ತಿದ್ದೀಯೆಂದು ನಿನಗೇ ತಿಳಿಯದು’ ಎಂದರು. ಅರಸ ನಕ್ಕ, ಕಮ್ಮಾರರನ್ನು ಕರೆಸಿದ. ಮೂರು ಮೂರು ತಲೆಂತು ತೂಕದ ಕೊಡಲಿಗಳನ್ನು ಎರಕ ಹೊಯ್ದರು. ಒಂದು ತಲೆಂತು ಸುಮಾರು 30 ಕಿಲೋ. ಅಂದರೆ ಒಂದೊಂದು ಕೊಡಲಿ ಕ್ವಿಂಟಾಲಿನ ಹತ್ತಿರ. ಉತ್ಪ್ರೇಕ್ಷೆ ನಿಜ, ಆದರೆ ಹೊರಟ ಉದ್ದೇಶದಲ್ಲಿ ಮರ ಕಡಿಯುವುದೂ ಸೇರಿತ್ತೆಂಬುದು ಆ ಕೊಡಲಿಗಳಿಂದ ಸ್ಪಷ್ಟ.

ಸತ್ತವನು

ಹುಂಬಾಬನ ಬಗ್ಗೆ ಭಯಪಡಲು ಸಾಕಷ್ಟು ಕಾರಣವಿದೆ. ಅವನ ದನಿ ಪ್ರಳಯ, ಬಾಯಿ ಬೆಂಕಿ, ಉಸಿರು ಸಾವು. 60 ಬೇರು ದೂರದ ಸದ್ದೂ ಅವನ ಕಿವಿಗೆ ಬೀಳುತ್ತದೆ. ಒಂದು ಬೇರು ಎಂದರೆ 10 ಕಿಲೋಮೀಟರಿಗಿಂತ ಚೂರು ಹೆಚ್ಚು. ಅವನ ಮುಖ ಹೇಗಿತ್ತೆಂದು ಊಹಿಸಲು ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಒಂದು ಪುಟ್ಟ ಮಣ್ಣಿನ ಮುಖವಾಡ ನೆರವಾಗುತ್ತದೆ. ಸಿಪ್ಪಾರ್ ಎಂಬಲ್ಲಿ ಸಿಕ್ಕಿದ್ದು. ಹಣೆ, ಕೆನ್ನೆ, ಗಲ್ಲ ಎಲ್ಲವನ್ನೂ ಒಂದೇ ಎಳೆಯಾದ ಕರುಳಿನ ಸುರುಳಿಯಿಂದ ರೂಪಿಸಿದ್ದಾರೆ. ಹಲ್ಲುಗಳು ಮಾತ್ರ ಬಿಡಿಬಿಡಿಯಾಗಿ ಹೊರಗೆ ಕಾಣುತ್ತವೆ. ಹಿಂಬದಿಯ ಬರಹ ಶಕುನಶಾಸ್ತ್ರದ್ದು: ಬಲಿಯ ಪ್ರಾಣಿಯ ಕರುಳು ಹುಂಬಾಬನ ಮುಖದಂತೆ ಕಂಡರೆ ಏನು ಫಲ ಎಂಬುದು. ಇದೇ ಮುಖವನ್ನು ಮೆಸೊಪೊಟೇಮಿಯಾದ ಜನ ಕೆಡುಕನ್ನು ದೂರವಿಡುವ ರಕ್ಷೆಯಾಗಿಯೂ ಬಳಸುತ್ತಿದ್ದರು. ಕಾವಲಿಗೆ ಭಯಾನಕ ಮುಖ ಬೇಕು ಎಂಬುದು ಅವರಿಗೆ ಸಹಜವಾಗಿ ತಿಳಿದಿತ್ತು. ನಮ್ಮ ಹೊಸ ಮನೆಗಳ ಮುಂದೆ ನೇತಾಡುವ ರಾಕ್ಷಸಮುಖದ ದೃಷ್ಟಿಬೊಂಬೆಯಂತೆ ಅದರ ಕೆಲಸವೇ ಹೆದರಿಸುವುದು.

ಮುಖ್ಯ ಸಂಗತಿಯೆಂದರೆ ಹುಂಬಾಬ ಕಾಡಿಗೆ ನುಗ್ಗಿ ಕುಳಿತ ಪುಂಡನಲ್ಲ. ಎನ್ಲಿಲ್, ದೇವತೆಗಳ ಒಡೆಯ, ದೇವದಾರುಗಳನ್ನು ಕಾಯಲೆಂದೇ ಅವನನ್ನು ನೇಮಿಸಿ, ಮನುಷ್ಯರು ಹೆದರಲೆಂದು ಆ ಭಯವನ್ನು ಅವನಿಗೆ ಕೊಟ್ಟಿದ್ದ. ಇಡೀ ಕಾವ್ಯದಲ್ಲಿ ಹುಂಬಾಬ ಕಾಡಿನ ಗಡಿ ದಾಟಿ ಹೊರಬಂದದ್ದಿಲ್ಲ. ಅವನು ಸುಟ್ಟ ಊರು, ತಿಂದ ಮಗು, ಎಳೆದೊಯ್ದ ಹೆಣ್ಣು ಯಾವುದೂ ನಮಗೆ ದೊರೆತಿರುವ ಪಾಠಗಳಲ್ಲಿ ಕಾಣುವುದಿಲ್ಲ. ನಿನ್ಸುನ್ ತನ್ನ ಪ್ರಾರ್ಥನೆಯಲ್ಲಿ ಅವನನ್ನು ಸೂರ್ಯದೇವ ಶಮಾಶ್ ದ್ವೇಷಿಸುವ ‘ಕೆಡುಕು’ ಎನ್ನುತ್ತಾಳೆ, ನಿಜ. ಆ ಕೆಡುಕಿನ ವಿವರ ಮಾತ್ರ ಬರುವುದಿಲ್ಲ. ಯಾವ ನ್ಯಾಯಸ್ಥಾನವೂ ಇಷ್ಟರ ಮೇಲೆ ಮರಣದಂಡನೆ ಕೊಡಲಾರದು.

ಕಾಡಿನ ಅಂಚಿನಲ್ಲಿ

ಪ್ರಯಾಣವನ್ನು ಬೇಗ ದಾಟುತ್ತೇನೆ. ಒಂದೂವರೆ ತಿಂಗಳ ದಾರಿಯನ್ನು ಮೂರೇ ದಿನದಲ್ಲಿ ಸವೆಸುವ ನಡಿಗೆ, ಐದು ಕೆಟ್ಟ ಕನಸುಗಳು, ಪ್ರತಿ ಕನಸಿಗೂ ಎಂಕಿಡು ಹೇಳುವ ಒಳ್ಳೆಯ ಅರ್ಥ. ಬೆಟ್ಟ ಮೈಮೇಲೆ ಬೀಳುವ ಕನಸು ಕಂಡರೂ ಗೆಲುವಿನ ಸೂಚನೆಯೆಂದು ಓದುವ ಈ ಸರಣಿಯಲ್ಲಿ ಎಚ್ಚರಿಕೆಗಳನ್ನು ಕೇಳಿಸಿಕೊಳ್ಳದ ಅವರ ಮನಸ್ಥಿತಿ ಇದೆ; ಪ್ರಕರಣಕ್ಕೆ ಅದಕ್ಕಿಂತ ಹೆಚ್ಚಿನದು ಅಲ್ಲಿಲ್ಲ.

ಕಾಡು ಎದುರಾದಾಗ ಇಬ್ಬರೂ ಮಾತು ಮರೆತು ನಿಲ್ಲುತ್ತಾರೆ. ದೇವದಾರುಗಳ ಎತ್ತರವನ್ನು ನೋಡುತ್ತಾರೆ. ಹುಂಬಾಬ ನಡೆದಾಡುವ ಜಾಡು ಕಾಣುತ್ತದೆ: ನೆಟ್ಟಗಿನ ದಾರಿ, ಸವೆದು ಹಸನಾದ ಹಾದಿ. ಇದನ್ನು ಓದುವಾಗಲೆಲ್ಲ ನನಗೆ ಪ್ರತಿದಿನ ತಪ್ಪದೆ ಗಸ್ತು ತಿರುಗುವ ಅರಣ್ಯ ರಕ್ಷಕ ಕಾಣುತ್ತಾನೆ. ಹಾದಿ ಹಾಗೆ ಸವೆಯಬೇಕಾದರೆ ಬಹುಕಾಲದ ನಿಷ್ಠೆ ಬೇಕು. ಸುಲೈಮಾನಿಯಾ ಫಲಕ ಹೊಸ ಬೆಳಕು ಚೆಲ್ಲುವುದು ಇಲ್ಲಿಯೇ. ಮೊದಲು ನಮಗೆ ಗೊತ್ತಿದ್ದದ್ದು ನೆರಳು ತಂಪಾದ, ದೇವತೆಗಳು ವಾಸವಾಗಿರುವ ಕಾಡು. ಹೊಸ ಸಾಲುಗಳಲ್ಲಿ ಆ ಕಾಡಿಗೆ ದನಿ ಬರುತ್ತದೆ. ಕಾಡುಪಾರಿವಾಳ ಗೊಣಗುತ್ತದೆ, ಬೆಳವ ಮರುದನಿ ಕೊಡುತ್ತದೆ, ಜೀರುಂಡೆಗಳು ಗುಂಪಾಗಿ ಮೊರೆಯುತ್ತವೆ, ತಾಯಿಕೋತಿಗಳು ಕೂಗುತ್ತವೆ, ಮರಿಗಳು ಚೀರುತ್ತವೆ. ಈ ಮೇಳ ದಿನವೂ ನಡೆಯುವುದು ಹುಂಬಾಬನ ಸಮ್ಮುಖದಲ್ಲಿ, ಆಸ್ಥಾನದ ವಾದ್ಯಗಾರರು ದೊರೆಯ ಮುಂದೆ ನುಡಿಸುವ ಹಾಗೆ.

ರಾಕ್ಷಸನ ಗುಹೆಯ ಸುತ್ತ ಮೂಳೆಗಳ ರಾಶಿಯಿರಬೇಕು, ಹಕ್ಕಿ ಹಾರಬಾರದು, ಹುಲ್ಲು ಬೆಳೆಯಬಾರದು. ರಾಕ್ಷಸಸಂಹಾರದ ಕಥೆ ಹೇಳುವ ಯಾರಿಗೂ ಗೊತ್ತಿರುವ ಕ್ರಮವಿದು. ಈ ಕವಿ ಅದನ್ನು ಬಿಟ್ಟು, ಕೋತಿಮರಿಗಳು ಹೆದರದೆ ಆಡುವ ಕಾಡಿನ ನಡುವೆ ಹುಂಬಾಬನನ್ನು ಕೂರಿಸಿದ. ತನ್ನ ಕೇಳುಗರು ಮುಂದಿನದನ್ನು ಯಾವ ಕಣ್ಣಿನಿಂದ ನೋಡಬೇಕೆಂದು ಅವನು ಯೋಚಿಸಿಯೇ ಮಾಡಿದ ಕೆಲಸವಿದು ಎಂದು ನಾನು ನಂಬುತ್ತೇನೆ.

ಕಾದಾಟ, ಮೊರೆ, ಕೊಲೆ

ಹುಂಬಾಬ ಮೊದಲು ಮಾತನಾಡುತ್ತಾನೆ. ಮೂರ್ಖರ ಮಾತು ಕೇಳಿ ಇಲ್ಲಿಗೇಕೆ ಬಂದೆ ಎಂದು ಗಿಲ್ಗಮೇಶನನ್ನು ಕೇಳಿ, ಎಂಕಿಡುವಿನ ಕಡೆಗೆ ತಿರುಗುತ್ತಾನೆ. ತಂದೆಯನ್ನರಿಯದ ಮೀನಿನ ಮರಿಯೇ, ತಾಯಿಹಾಲು ಕುಡಿಯದ ಆಮೆಯ ಮರಿಯೇ! ನೀನು ಚಿಕ್ಕವನಿದ್ದಾಗ ನಿನ್ನನ್ನು ನೋಡುತ್ತಿದ್ದೆ, ಹತ್ತಿರ ಬರಲಿಲ್ಲ. ಈಗ ಹೊರಗಿನವನನ್ನು ಕರೆದುಕೊಂಡು ನನ್ನ ಬಾಗಿಲಿಗೆ ಬಂದಿದ್ದೀಯೆ. ಹಳೆಯ ಪರಿಚಯವಿದು. ಕಾಡಿನ ಮಗುವಾಗಿ ಎಂಕಿಡು ಬೆಳೆಯುತ್ತಿದ್ದಾಗ ಹುಂಬಾಬ ಅವನನ್ನು ಕಂಡೂ ಬಿಟ್ಟಿದ್ದ. ಬೈಗುಳದೊಳಗೆ ನೋವು ಅಡಗಿದೆ.

ಕಾದಾಟದಲ್ಲಿ ನೆಲ ಬಿರಿಯುತ್ತದೆ, ಬಿಳಿಮೋಡ ಕಪ್ಪಾಗುತ್ತದೆ, ಸಾವು ಮಂಜಿನಂತೆ ಸುರಿಯುತ್ತದೆ. ಗೆಲುವನ್ನು ನಿರ್ಧರಿಸಿದ್ದು ಗಿಲ್ಗಮೇಶನ ತೋಳಲ್ಲ. ಶಮಾಶ್ ಹದಿಮೂರು ಗಾಳಿಗಳನ್ನು ಎಬ್ಬಿಸಿ ಹುಂಬಾಬನ ಮುಖಕ್ಕೆ ಬೀಸಿದ. ಅವನು ಮುಂದೆ ಹೋಗಲಾರದೆ, ಹಿಂದೆ ಸರಿಯಲಾರದೆ ಕಟ್ಟಿಹೋದ. ಆಗಲೇ ಗಿಲ್ಗಮೇಶನ ಆಯುಧ ಹುಂಬಾಬನಿಗೆ ಎಟುಕಿದ್ದು.

ಈಗ ಹುಂಬಾಬ ಬೇಡಿಕೊಳ್ಳುತ್ತಾನೆ. ಮೊದಲು ಗಿಲ್ಗಮೇಶನನ್ನು: ನೀನು ಎಳೆಯ, ನಿನ್ಸುನಳ ಮಗ, ನನ್ನ ಪ್ರಾಣ ಉಳಿಸು, ಕಾಡಿನಲ್ಲಿ ನಿನ್ನವನಾಗಿ ಇರುತ್ತೇನೆ, ನೀನು ಕೇಳಿದಷ್ಟು ಮರ ಕೊಡುತ್ತೇನೆ, ನಿನ್ನ ಅರಮನೆಗೆ ಒಪ್ಪುವ ಮರಗಳನ್ನು ಕಾದಿಡುತ್ತೇನೆ. ಎಂಕಿಡು ‘ಅವನ ಮಾತು ಕೇಳಬೇಡ’ ಎನ್ನುತ್ತಾನೆ. ಆಮೇಲೆ ಹುಂಬಾಬ ಎಂಕಿಡುವನ್ನೇ ಬೇಡುತ್ತಾನೆ: ನನ್ನ ಕಾಡಿನ ರೀತಿ ನಿನಗೆ ಗೊತ್ತು, ಬಾಗಿಲಲ್ಲೇ ನಿನ್ನನ್ನು ಕೊಂಬೆಗೆ ತೂಗುಹಾಕಬಹುದಿತ್ತು, ಹಾಕಲಿಲ್ಲ, ಈಗ ನನ್ನ ಬಿಡುಗಡೆ ನಿನ್ನ ಕೈಯಲ್ಲಿದೆ, ಗೆಳೆಯನಿಗೆ ಹೇಳು. ಈ ಎರಡನೆಯ ಮೊರೆಯನ್ನು ಕೇಳಿ ಎಂಕಿಡು ಕೊಡುವ ಉತ್ತರವೇ ಇಡೀ ಪ್ರಕರಣದ ಅತಿ ಭಾರವಾದ ಸಾಕ್ಷ್ಯ. ಮುಗಿಸಿಬಿಡು, ಎನ್ಲಿಲನಿಗೆ ಸುದ್ದಿ ಮುಟ್ಟುವ ಮೊದಲೇ ಕೊಲ್ಲು. ದೇವತೆಗಳು ನಮ್ಮ ಮೇಲೆ ಸಿಟ್ಟಾಗುತ್ತಾರೆ, ನಿಪ್ಪೂರಿನಲ್ಲಿ ಎನ್ಲಿಲ್, ಲಾರ್ಸಾದಲ್ಲಿ ಶಮಾಶ್. ಹುಂಬಾಬನನ್ನು ಕೊಂದವನೆಂಬ ಅಳಿಯದ ಹೆಸರನ್ನು ನೆಲೆಗೊಳಿಸು.

ಸುದ್ದಿ ಮುಟ್ಟುವ ಮೊದಲು. ತಪ್ಪೆಂದು ತಿಳಿಯದೆ ಮಾಡಿದ್ದೆನ್ನಲು ಇನ್ನು ಜಾಗವಿಲ್ಲ. ಒಡೆಯನಿಗೆ ಗೊತ್ತಾದರೆ ತಡೆಯುತ್ತಾನೆಂದು ತಿಳಿದೇ ಅವಸರ ಮಾಡಿದರು. ನ್ಯಾಯವಾದ ಸಂಹಾರಕ್ಕೆ ಈ ಅವಸರ ಬೇಕಿರಲಿಲ್ಲ.

ಹುಂಬಾಬ ಶಪಿಸಿದ: ಇವರಿಬ್ಬರೂ ಮುಪ್ಪು ಕಾಣದಿರಲಿ. ಗಿಲ್ಗಮೇಶ್ ಕತ್ತಿ ಹಿರಿದು ಕೊರಳಿಗೆ ಇರಿದ. ಶ್ವಾಸಕೋಶ ಹೊರಗೆಳೆದರು, ಕೋರೆಹಲ್ಲುಗಳನ್ನು ಗೆದ್ದ ವಸ್ತುವಾಗಿ ತೆಗೆದುಕೊಂಡರು. ಇಷ್ಚಾಲಿ ಎಂಬಲ್ಲಿ ದೊರೆತ ಹಳೆಯ ಬ್ಯಾಬಿಲೋನಿಯನ್ ಫಲಕದಲ್ಲಿ ಇನ್ನೊಂದು ವಿವರವಿದೆ. ಹುವಾವನ ಪ್ರಭೆಗಳು, ಅಂದರೆ ಅವನನ್ನು ಸುತ್ತುವರಿದು ಕಾಯುತ್ತಿದ್ದ ಭಯಂಕರ ಕಾಂತಿಗಳು, ಕಾಡಿನೊಳಗೆ ತಪ್ಪಿಸಿಕೊಳ್ಳುತ್ತಿವೆ ಎಂದು ಗಿಲ್ಗಮೇಶ್ ಚಡಪಡಿಸಿದಾಗ ಎಂಕಿಡು ಹೇಳುತ್ತಾನೆ: ಮೊದಲು ಹಕ್ಕಿಯನ್ನು ಹಿಡಿ, ಮರಿಗಳು ಎಲ್ಲಿಗೆ ಹೋದಾವು? ಹುಲ್ಲಿನಲ್ಲಿ ದಿಕ್ಕೆಟ್ಟು ಓಡಾಡುತ್ತಿರುತ್ತವೆ, ಆಮೇಲೆ ಹುಡುಕೋಣ. ಒಂದು ಕಾಲಕ್ಕೆ ಬೇಟೆಗಾರರ ಬಲೆ ಕಿತ್ತು ಪ್ರಾಣಿಗಳನ್ನು ಬಿಡಿಸುತ್ತಿದ್ದವನ ಬಾಯಲ್ಲಿ ಈ ಮಾತು ಬಂದಿತೆಂಬುದು ನನ್ನನ್ನು ಕಲಕುತ್ತದೆ.

ಹಳೆಯ ಹೇಳಿಕೆ ಇನ್ನೂ ಕೆಟ್ಟದಾಗಿದೆ

ಸುಮೇರಿಯನ್ ಕವಿತೆಯಲ್ಲಿ ಕಾದಾಟವೇ ಇಲ್ಲ, ವಂಚನೆ ಇದೆ. ಬಿಲ್ಗಮೇಸ್ ಐವತ್ತು ಮಂದಿ ಮದುವೆಯಾಗದ ಯುವಕರನ್ನು ಕಟ್ಟಿಕೊಂಡು ಏಳು ಬೆಟ್ಟ ದಾಟಿ ಹೋಗುತ್ತಾನೆ. ಹುವಾವನ ಏಳು ಪ್ರಭೆಗಳ ಎದುರು ನಿಲ್ಲಲಾಗದೆಂದು ತಿಳಿದಾಗ ನೆಂಟಸ್ತನದ ಮಾತಾಡುತ್ತಾನೆ. ನಿನಗೆ ನನ್ನ ಅಕ್ಕನನ್ನು ಕೊಡುತ್ತೇನೆ, ತಂಗಿಯನ್ನೂ ಕೊಡುತ್ತೇನೆ, ನುಣ್ಣನೆಯ ಹಿಟ್ಟು, ತಣ್ಣೀರಿನ ತೊಗಲಚೀಲ, ಪಾದರಕ್ಷೆ ಕೊಡುತ್ತೇನೆ. ಒಂದೊಂದು ಉಡುಗೊರೆಗೂ ಹುವಾವ ತನ್ನ ಒಂದೊಂದು ಪ್ರಭೆಯನ್ನು ಕಳಚಿ ಒಪ್ಪಿಸುತ್ತಾನೆ. ಜೊತೆಗಿದ್ದ ಯುವಕರು ಅದನ್ನು ಮರದ ಹಾಗೆ ಕಡಿದು ಕಟ್ಟುತ್ತಾರೆ. ಏಳೂ ಮುಗಿದ ಮೇಲೆ ಬಿಲ್ಗಮೇಸ್ ಮುತ್ತು ಕೊಡುವವನಂತೆ ಹತ್ತಿರ ಬಂದು ಕೆನ್ನೆಗೆ ಹೊಡೆದು, ಹಿಡಿದ ಗೂಳಿಯಂತೆ ಕಟ್ಟಿಹಾಕುತ್ತಾನೆ. ನನ್ನನ್ನು ಹೆತ್ತ ತಾಯಿಯನ್ನು ಕಾಣೆ, ಬೆಳೆಸಿದ ತಂದೆಯನ್ನು ಕಾಣೆ, ಈ ಬೆಟ್ಟವೇ ಹೆತ್ತದ್ದು ಎಂದು ಹುವಾವ ಅಳುತ್ತಾನೆ.

ಇಲ್ಲಿ ಅರಸನ ಮನಸ್ಸು ಕರಗುತ್ತದೆ ಎಂಬುದನ್ನು ಅವನ ಪರವಾಗಿ ದಾಖಲಿಸಲೇಬೇಕು. ಸೆರೆಸಿಕ್ಕ ಹಕ್ಕಿ ಗೂಡಿಗೆ ಮರಳಲಿ, ಸೆರೆಸಿಕ್ಕ ಮನುಷ್ಯ ತಾಯಿಯ ಮಡಿಲಿಗೆ ಮರಳಲಿ ಎನ್ನುತ್ತಾನೆ. ಎಂಕಿಡು ಒಪ್ಪದೆ ತಾನೇ ಕೊರಳು ಕತ್ತರಿಸುತ್ತಾನೆ. ತಲೆಯನ್ನು ತೊಗಲಚೀಲದಲ್ಲಿ ಹಾಕಿಕೊಂಡು ಇಬ್ಬರೂ ಎನ್ಲಿಲನ ಮುಂದೆ ಸುರಿಯುತ್ತಾರೆ, ಮೆಚ್ಚುಗೆ ಸಿಗುತ್ತದೆಂದು ತಿಳಿದು. ಎನ್ಲಿಲ್ ಕೇಳಿದ್ದು ಇಷ್ಟೇ: ಹೀಗೇಕೆ ಮಾಡಿದಿರಿ? ಅವನ ಹೆಸರನ್ನು ಭೂಮಿಯಿಂದ ಅಳಿಸಿರೆಂದು ಯಾರು ಹೇಳಿದರು? ಅವನು ನಿಮ್ಮೆದುರು ಕುಳಿತು ನೀವುಣ್ಣುವ ರೊಟ್ಟಿಯನ್ನೇ ಉಣ್ಣಬೇಕಿತ್ತು, ನೀವು ಕುಡಿಯುವ ನೀರನ್ನೇ ಕುಡಿಯಬೇಕಿತ್ತು. ಬಳಿಕ ಸತ್ತವನ ಪ್ರಭೆಗಳನ್ನು ಹೊಲಕ್ಕೆ, ಹೊಳೆಗೆ, ಜೊಂಡಿನ ಬನಕ್ಕೆ, ಸಿಂಹಕ್ಕೆ ಹಂಚಿದ. ಕೊನೆಯದು ಸೆರೆಮನೆಯ ದೇವತೆ ನುಂಗಲಳಿಗೆ ಹೋಯಿತು. ಕೊಂದವರಿಗೆ ಒಂದೂ ಸಿಗಲಿಲ್ಲ.

ಬಾಗಿಲು ಮತ್ತು ತೀರ್ಪು

ಪ್ರಮಾಣಿತ ಪಾಠಕ್ಕೆ ಮರಳೋಣ. ಕೊಲೆಯ ನಂತರ ಮರ ಕಡಿದರು. ಸುಲೈಮಾನಿಯಾ ಫಲಕದ ಇನ್ನೊಂದು ಕೊಡುಗೆ ಇಲ್ಲಿದೆ. ಎಂಕಿಡು ಗೆಳೆಯನಿಗೆ ಹೇಳುತ್ತಾನೆ: ಕಾಡನ್ನು ಹಾಳುಗೆಡವಿದೆವು, ನಿಪ್ಪೂರಿನಲ್ಲಿ ಎನ್ಲಿಲನಿಗೆ ಏನು ಉತ್ತರ ಕೊಡೋಣ? ನಿಮ್ಮ ಬಲದಿಂದ ಕಾವಲುಗಾರನನ್ನು ಕೊಂದಿರಿ, ಕಾಡನ್ನು ತುಳಿಯುವಂಥ ಈ ಕೋಪ ಎಂಥದು ಎಂದು ಕೇಳಿದರೆ? ಕೆಲವೇ ಸಾಲುಗಳ ಹಿಂದೆ ‘ಮುಗಿಸಿಬಿಡು’ ಎಂದವನು ಇವನೇ. ಪ್ರಾಯಶ್ಚಿತ್ತವೆಂಬಂತೆ ಅತಿ ಎತ್ತರದ ದೇವದಾರಿನಿಂದ ಎನ್ಲಿಲನ ಗುಡಿಗೆ ಒಂದು ಬಾಗಿಲು ಮಾಡಿಸಲು ಹೊರಟರು: ಸುಮಾರು 36 ಮೀಟರ್ ಎತ್ತರ, 12 ಮೀಟರ್ ಅಗಲ, ಒಂದು ಮೊಳ ದಪ್ಪ. ತೆಪ್ಪ ಕಟ್ಟಿ ಯೂಫ್ರೆಟಿಸ್ ನದಿಯಲ್ಲಿ ತೇಲಿಬಿಟ್ಟರು. ಕೊಂದ ಕಾವಲುಗಾರನ ಮರವನ್ನೇ ಅವನನ್ನು ನೇಮಿಸಿದವನಿಗೆ ಕಾಣಿಕೆ ಕೊಟ್ಟರು!

ಮುಂದೆ ಇಷ್ಟಾರ್ ದೇವತೆಯ ಕೋಪ, ಸ್ವರ್ಗದ ಗೂಳಿಯ ವಧೆ, ದೇವತೆಗಳ ಸಭೆ. ಸಭೆಯ ವಿವರ ಉಳಿದಿರುವುದು ಹಿಟೈಟ್ ಭಾಷೆಯ ಗದ್ಯರೂಪದಲ್ಲಿ. ಗೂಳಿಯನ್ನೂ ಹುವಾವನನ್ನೂ ಕೊಂದದ್ದಕ್ಕೆ ಇಬ್ಬರಲ್ಲೊಬ್ಬ ಸಾಯಬೇಕೆಂದು ಆಕಾಶದೇವ ಅನು ಹೇಳುತ್ತಾನೆ. ಎಂಕಿಡು ಸಾಯಲಿ, ಗಿಲ್ಗಮೇಶ್ ಬೇಡ ಎಂದು ಎನ್ಲಿಲ್ ನಿರ್ಧರಿಸುತ್ತಾನೆ. ನನ್ನ ಮಾತಿನಂತೆಯೇ ಅವರು ಕೊಂದದ್ದಲ್ಲವೇ, ನಿರಪರಾಧಿ ಎಂಕಿಡು ಸಾಯಬೇಕೇ ಎಂದು ಶಮಾಶ್ ಆಕ್ಷೇಪಿಸಿದರೆ, ನೀನು ದಿನವೂ ಅವರ ಜೊತೆಗಾರನಂತೆ ತಿರುಗುತ್ತಿದ್ದೆಯಲ್ಲ ಎಂದು ಎನ್ಲಿಲ್ ಅವನ ಮೇಲೆಯೇ ಹರಿಹಾಯುತ್ತಾನೆ. ಎಂಕಿಡು ಹನ್ನೆರಡು ದಿನ ಹಾಸಿಗೆ ಹಿಡಿದು ಸತ್ತ. ಸಾಯುವ ಮೊದಲು ಆ ಬಾಗಿಲನ್ನು ನೆನೆದು ಶಪಿಸಿದ: ಇದೇ ನಿನ್ನ ಪ್ರತ್ಯುಪಕಾರವೆಂದು ತಿಳಿದಿದ್ದರೆ ಕೊಡಲಿಯೆತ್ತಿ ನಿನ್ನನ್ನು ಸೀಳುತ್ತಿದ್ದೆ.

ದಂಡನೆ ತಪ್ಪಾಗಿ ಹಂಚಿಹೋಯಿತು ಎಂದೇ ನನ್ನ ಅಭಿಪ್ರಾಯ. ಯೋಜನೆ ಹಾಕಿದವನು, ಕತ್ತಿಯಿಂದ ಇರಿದವನು ಗಿಲ್ಗಮೇಶ್. ಪ್ರಾಣ ತೆತ್ತವನು ಎಂಕಿಡು. ಗಾಳಿ ಬೀಸಿದ ಶಮಾಶನಿಗೆ ಗದರಿಕೆಯೊಂದೇ.

ಪ್ರತಿವಾದಗಳು

ಗಿಲ್ಗಮೇಶನ ಪರವಾದ ಗಟ್ಟಿ ವಾದ ಮರದ ಅಗತ್ಯದ್ದು. ಉರುಕಿನ ಸುತ್ತ ಜೇಡಿಮಣ್ಣು, ಜೊಂಡು, ಖರ್ಜೂರದ ಮರ ಬಿಟ್ಟರೆ ಉದ್ದನೆಯ ತೊಲೆಗಾಗುವ ಮರವಿಲ್ಲ. ಗುಡಿಯ ಚಾವಣಿಗೆ ದೂರದ ಬೆಟ್ಟದ ದೇವದಾರು ಬೇಕೇ ಬೇಕು. ನಮ್ಮ ಹಿಮಾಲಯದ ದೇವದಾರಿನ ಹತ್ತಿರದ ಬಂಧು ಅದು. ಕ್ರಿ.ಪೂ. 22ನೆಯ ಶತಮಾನದ ಲಗಾಶ್ ನಗರದ ದೊರೆ ಗುದೇಯ ಅಮಾನುಸ್ ಬೆಟ್ಟದಿಂದ 60 ಮೊಳ, 50 ಮೊಳದ ದಿಮ್ಮಿಗಳನ್ನು ತೆಪ್ಪವಾಗಿ ತರಿಸಿದ್ದನ್ನು ತನ್ನ ವಿಗ್ರಹದ ಮೇಲೆ ಕೆತ್ತಿಸಿದ್ದಾನೆ. ಕ್ರಿ.ಪೂ. ಆರನೆಯ ಶತಮಾನದ ಬಾಬಿಲೋನಿನ ದೊರೆ ನೆಬುಕಡ್ನೆಜರ್ ಲೆಬನಾನಿನ ವಾದಿ ಬ್ರಿಸಾದ ಬಂಡೆಯಲ್ಲಿ ದೇವದಾರು ಸಾಗಿಸಿದ ಸಾಧನೆಯನ್ನು ಬರೆಸಿದ್ದಾನೆ. ಬೆಟ್ಟಕ್ಕೆ ಹೋಗಿ ಮರ ತರುವುದು ಅರಸನಾದವನ ಹೆಮ್ಮೆ. ಬಾಬಿಲೋನಿನ ದೊರೆ ಬಿದ್ದಾಗ, ಇನ್ನು ನಮ್ಮನ್ನು ಕಡಿಯುವವನು ಬರುವುದಿಲ್ಲವೆಂದು ಲೆಬನಾನಿನ ದೇವದಾರುಗಳು ಹಿಗ್ಗಿದ್ದನ್ನು ಬೈಬಲಿನ ಯೆಶಾಯನ ಪ್ರವಾದನೆ ಹೇಳುತ್ತದೆ. ಅದು ಅದೇ ಕಥೆಯ ಇನ್ನೊಂದು ಮಗ್ಗುಲು.

ಅಗತ್ಯವನ್ನು ಒಪ್ಪುತ್ತೇನೆ. ಆದರೆ ಹುಂಬಾಬನ ಕೊನೆಯ ಪ್ರಸ್ತಾಪ ಏನಾಗಿತ್ತು? ಕೇಳಿದಷ್ಟು ಮರ ಕೊಡುತ್ತೇನೆ ಎಂದೇ. ಆ ಕ್ಷಣದಲ್ಲಿ ಮರದ ವಾದ ಬಿದ್ದುಹೋಯಿತು. ಮರವೂ ಸಿಗುತ್ತಿತ್ತು, ಕಾವಲುಗಾರನೂ ಉಳಿಯುತ್ತಿದ್ದ, ಕಾಡೂ ಉಳಿಯುತ್ತಿತ್ತು. ಸಿಗದೆ ಹೋಗುತ್ತಿದ್ದದ್ದು ಕೊಂದವನೆಂಬ ಹೆಸರು ಮಾತ್ರ.

ಆ ಕಾಲದ ವೀರಧರ್ಮವೇ ಹಾಗಿತ್ತು ಎನ್ನುವವರಿಗೆ ಖಾಂಡವವನವನ್ನು ನೆನಪಿಸುತ್ತೇನೆ. ಅಲ್ಲಿಯೂ ಗೆಳೆಯರಿಬ್ಬರು, ಅಲ್ಲಿಯೂ ದೇವತೆಯ ಪ್ರಚೋದನೆ, ಅಲ್ಲಿಯೂ ನಾಶವಾದ ಕಾಡು. ಉರಿಯಿಂದ ತಪ್ಪಿಸಿಕೊಳ್ಳುವ ಪ್ರಾಣಿಗಳನ್ನು ಕೃಷ್ಣಾರ್ಜುನರು ಕೊಂದು ಕೆಡಹುವ ಭಾಗವನ್ನು ಓದುವುದು ಕಷ್ಟ. ಆದರೆ ಮಯ ‘ಕಾಪಾಡು’ ಎಂದು ಅರ್ಜುನನನ್ನು ಕೂಗಿಕೊಂಡಾಗ ಅರ್ಜುನ ಅಭಯ ಕೊಟ್ಟ, ಕೃಷ್ಣ ಚಕ್ರವನ್ನು ತಡೆದ, ಅಗ್ನಿಯೂ ಅವನನ್ನು ಸುಡಲಿಲ್ಲ. ಕಾಡು ಸುಟ್ಟ ಪಾಪ ಅದರಿಂದ ತೊಳೆದುಹೋಗದು. ಶರಣು ಎಂದವನ ಮೇಲೆ ಕೈಯೆತ್ತಬಾರದೆಂಬ ಅರಿವು ಹಳೆಯ ವೀರಕಥೆಗಳ ಒಳಗೇ ಇತ್ತೆಂಬುದಕ್ಕೆ ಮಾತ್ರ ಅದು ಸಾಕ್ಷಿ. ಸುಮೇರಿಯನ್ ಕವಿತೆಯ ಬಿಲ್ಗಮೇಸನೂ ಒಂದು ಗಳಿಗೆ ಆ ಅರಿವಿನ ಹೊಸ್ತಿಲಲ್ಲಿ ನಿಂತಿದ್ದ.

ಎಂಕಿಡು ಒತ್ತಾಯಿಸಿದ ಎಂಬ ವಾದ ದುರ್ಬಲ. ಹೊರಡುವಾಗ ಅತ್ತು ತಡೆದವನೂ ಎಂಕಿಡುವೇ. ಆಗ ಅವನ ಮಾತಿಗೆ ಬೆಲೆ ಕೊಡದವನು ಈಗ ಮಾತ್ರ ಕೇಳಿದ್ದೇಕೆ?

ಹೊಣೆಗಾರಿಕೆ

ಗಿಲ್ಗಮೇಶನನ್ನು ಪೂರ್ತಿ ಖಳನೆಂದು ಕರೆದು ಕೈತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ. ಗೆಳೆಯನ ಹೆಣದ ಮೂಗಿನಿಂದ ಹುಳು ಬೀಳುವವರೆಗೆ ಆರು ಹಗಲು ಏಳು ರಾತ್ರಿ ಅದನ್ನು ಹೂಳಲು ಬಿಡದೆ ಕುಳಿತವನು ಅವನು. ಸಾವಿಲ್ಲದ ಬದುಕನ್ನು ಅರಸುತ್ತ ಲೋಕದ ಅಂಚಿಗೆ ಹೋಗಿ ಬರಿಗೈಯಲ್ಲಿ ಮರಳಿದವನು. ಅವನ ದುಃಖ ದೊಡ್ಡದು, ಅದನ್ನು ಓದಿ ಕರಗದವರು ಯಾರು?

ಆದರೆ ಆ ದುಃಖದಲ್ಲಿ ಹುಂಬಾಬನಿಗೆ ಪಾಲಿಲ್ಲ. ಗೆಳೆಯನಿಗಾಗಿ ಹಾಡುವ ಶೋಕದಲ್ಲೂ ಹುಂಬಾಬನನ್ನು ಕೊಂದದ್ದು ಇಬ್ಬರ ಸಾಧನೆಗಳ ಸಾಲಿನಲ್ಲಿ ಬರುತ್ತದೆ. ಕಡಲ ತೀರದಲ್ಲಿ ಹೆಂಡ ಮಾರುವ ಸಿದೂರಿಯ ಮುಂದೆಯೂ ಅದೇ ಪರಿಚಯ. ಕಾಡಿನ ಕಾವಲುಗಾರನನ್ನು ಕೊಂದವನು ನೀನಾದರೆ ನಿನ್ನ ಕೆನ್ನೆಗಳೇಕೆ ಬತ್ತಿವೆ ಎಂದು ಆಕೆ ಕೇಳಿದಾಗ ಅವನು ಎಂಕಿಡುವಿನ ಸಾವನ್ನು ಹೇಳುತ್ತಾನೆ, ತನ್ನ ಸಾವಿನ ಭಯವನ್ನು ಹೇಳುತ್ತಾನೆ. ಎನ್ಲಿಲನಿಗೆ ಏನು ಉತ್ತರ ಕೊಡೋಣ ಎಂಬ ಎಂಕಿಡುವಿನ ಪ್ರಶ್ನೆ ಗಿಲ್ಗಮೇಶನ ಬಾಯಿಂದ ಒಮ್ಮೆಯೂ ಬರುವುದಿಲ್ಲ. ಹುಂಬಾಬನ ಪ್ರಕರಣದಲ್ಲಿ ಅವನನ್ನು ನಾನು ಅಪರಾಧಿಯೆಂದು ಕರೆಯುವುದಕ್ಕೆ ಕೊಲೆಯಷ್ಟೇ ಬಲವಾದ ಕಾರಣ ಈ ಮೌನ.

ಕವಿಗೂ ಇದು ತಿಳಿದಿತ್ತೆಂದು ತೋರುತ್ತದೆ. ಪ್ರಮಾಣಿತ ಪಾಠದ ಪೀಠಿಕೆ ಗಿಲ್ಗಮೇಶನನ್ನು ಹಾಡಿ ಹೊಗಳುತ್ತದೆ: ಆಳವನ್ನು ಕಂಡವನು, ಪ್ರಳಯಕ್ಕೂ ಹಿಂದಿನ ಸುದ್ದಿ ತಂದವನು, ಬೆಟ್ಟಗಳಲ್ಲಿ ಕಣಿವೆದಾರಿ ತೆರೆದವನು, ಬಾವಿ ತೋಡಿಸಿದವನು, ಉರುಕಿನ ಕೋಟೆ ಕಟ್ಟಿಸಿದವನು. ಯಾವ ಕೊಲೆಯಿಂದ ಅಳಿಯದ ಹೆಸರು ಬರುತ್ತದೆಂದು ಅವನು ನಂಬಿದ್ದನೋ ಆ ಹುಂಬಾಬನ ಹೆಸರು ಆ ಹೊಗಳಿಕೆಯಲ್ಲಿಲ್ಲ.

ಐದನೆಯ ಫಲಕದಲ್ಲಿ ಇನ್ನೂ ತೆರಪುಗಳಿವೆ. ನಾಳೆ ಇನ್ನೊಂದು ತುಂಡು ಸಿಕ್ಕಿ ಹುಂಬಾಬ ಮಾಡಿದ ಹಿಂಸೆಯ ವಿವರ ಅದರಲ್ಲಿದ್ದರೆ, ಕಾಡಿಗೆ ದಂಡೆತ್ತಿ ಹೋದದ್ದರ ಬಗ್ಗೆ ನನ್ನ ಅಭಿಪ್ರಾಯವನ್ನು ತಿದ್ದಿಕೊಳ್ಳುತ್ತೇನೆ. ಮೊರೆಯ ನಂತರ ನಡೆದದ್ದರ ಬಗ್ಗೆ ಹಾಗೆ ತಿದ್ದಿಕೊಳ್ಳುವ ಸಂದರ್ಭ ಬರುತ್ತದೆಂದು ಅನ್ನಿಸುವುದಿಲ್ಲ. ಹಳೆಯ ಸುಮೇರಿಯನ್ ಕವಿತೆಯಲ್ಲೂ, ಅದಕ್ಕಿಂತ ಎಷ್ಟೋ ತಲೆಮಾರುಗಳ ಈಚಿನ ಪ್ರಮಾಣಿತ ಪಾಠದಲ್ಲೂ ಕಾವಲುಗಾರ ಜೀವ ಬೇಡುತ್ತಾನೆ, ಎರಡರಲ್ಲೂ ಅವನ ಕೊರಳು ಹೋಗುತ್ತದೆ, ಎರಡರಲ್ಲೂ ಎನ್ಲಿಲ್ ಸಿಟ್ಟಾಗುತ್ತಾನೆ. ಉಳಿದದ್ದೆಲ್ಲ ಬದಲಾದರೂ ಈ ಮೂರನ್ನು ಬದಲಿಸಲು ಆ ಕಥೆಯನ್ನು ಮತ್ತೆ ಮತ್ತೆ ಬರೆದ ಲಿಪಿಕಾರರು ಒಪ್ಪಲಿಲ್ಲ.